ಟಕ್ ರೂಲ್: ಒಂದು ನಿಯಮದ ಕಥೆ

ಅಮೆರಿಕದ ಫುಟ್‌ಬಾಲಿನಲ್ಲಿ ಮುಂದಕ್ಕೆ ಎಸೆದ ಚೆಂಡು ಯಾರಿಗೂ ಸಿಗದೆ ನೆಲಕ್ಕೆ ಬಿದ್ದರೆ ಆ ಯತ್ನ ವ್ಯರ್ಥ, ಅಷ್ಟೇ. ಕೈಜಾರಿ ಬಿದ್ದರೋ, ಎತ್ತಿಕೊಂಡವರ ಪಾಲು. 2002ರ ಜನವರಿ 19ರ ರಾತ್ರಿ, ಬಾಸ್ಟನ್ ಸಮೀಪದ ಫಾಕ್ಸ್‌ಬರೋದಲ್ಲಿ, ಸುರಿಯುವ ಹಿಮದಲ್ಲಿ ಈ ಭೇದವೇ ವ್ಯಾಜ್ಯವಾಯಿತು. ಓಕ್ಲೆಂಡ್ ರೇಡರ್ಸ್ ತಂಡ 13-10ರಿಂದ ಮುಂದಿತ್ತು. ಎರಡು ನಿಮಿಷವೂ ಉಳಿದಿರಲಿಲ್ಲ. ಚಾರ್ಲ್ಸ್ ವುಡ್ಸನ್ ಬಂದು ಅಪ್ಪಳಿಸಿದ ರಭಸಕ್ಕೆ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದ ಟಾಮ್ ಬ್ರೇಡಿ ಕೈಯಿಂದ ಚೆಂಡು ಜಾರಿ ರೇಡರ್ಸ್ ವಶವಾಯಿತು. ಪಂದ್ಯ ಮುಗಿದಂತೆಯೇ ಇತ್ತು.

ಆದರೆ ರೆಫರಿ ವಾಲ್ಟ್ ಕೋಲ್ಮನ್ ದೃಶ್ಯವನ್ನು ಮರಳಿ ನೋಡಿ ತೀರ್ಪನ್ನು ತಿರುಗಿಸಿದರು. 1999ರಲ್ಲಿ ಬಂದ ‘ಟಕ್ ರೂಲ್’ ಪ್ರಕಾರ, ಎಸೆಯಲು ಕೈಯನ್ನು ಮುಂದಕ್ಕೆ ಬೀಸಿದವನು ಮನಸ್ಸು ಬದಲಿಸಿ ಚೆಂಡನ್ನು ಮೈಗೆ ಅವುಚಿಕೊಳ್ಳುವಾಗ ಅದು ಜಾರಿದರೂ ಎಸೆತವೇ. (ವ್ಯಾಕರಣದ ಅಪವಾದಸೂತ್ರದಂತಹ ಮಾತು!) ಬಳಿಕ ಆಡಮ್ ವಿನಾಟಿಯೆರಿ 45 ಗಜ ದೂರದಿಂದ ಒದ್ದು ಅಂಕ ಸಮಗೊಳಿಸಿದರು, ಹೆಚ್ಚುವರಿ ಅವಧಿಯಲ್ಲಿ ಪೇಟ್ರಿಯಟ್ಸ್ 16-13ರಿಂದ ಗೆದ್ದಿತು.

ಕೋಲ್ಮನ್ ಅವರು ತಪ್ಪಿತಸ್ಥರೆಂದು ನನಗೆ ತೋರುವುದಿಲ್ಲ. ಅವರು ನಿಯಮದಲ್ಲಿದ್ದುದನ್ನೇ ಓದಿದರು. ಬರೆದವರ ಹೊಣೆ ಓದಿದವರ ತಲೆಗೆ ಬಂತು. 2018ರ ಋತುವಿನ ನಂತರ ನಿವೃತ್ತರಾಗುವವರೆಗೂ ಅವರು ಮತ್ತೆ ರೇಡರ್ಸ್ ಪಂದ್ಯಕ್ಕೆ ರೆಫರಿಯಾಗಲಿಲ್ಲ. 2013ರಲ್ಲಿ ತಂಡಗಳ ಮಾಲೀಕರು ಆ ನಿಯಮವನ್ನು 29-1 ಮತಗಳಿಂದ ರದ್ದುಪಡಿಸಿದರು. ಪೇಟ್ರಿಯಟ್ಸ್ ಅಂದು ಯಾವ ಕಡೆಗೂ ಮತ ಹಾಕಲಿಲ್ಲ.