ಮಂದ್ರ ತಂತಿಯ ಚರಿತ್ರೆ: ಏಕತಾರಿಯಿಂದ ಬೇಸ್ ಗಿಟಾರಿನವರೆಗೆ

ಸಂಗೀತವೆಂದರೆ ಹಾಡುವವರ ಕಂಠ, ನುಡಿಸುವವರ ಕೈಚಳಕ ಎಂಬುದೇ ಬಹುಜನರ ಭಾವನೆ. ಆ ಕಂಠಕ್ಕೆ ಆಸರೆಯಾಗಿ, ಹಿಂದೆ ಕುಳಿತು, ಒಂದೇ ಸಮನೆ ಮಿಡಿಯುವ ಕೆಳಸ್ಥಾಯಿಯ ತಂತಿಗೆ ಕಿವಿಗೊಡುವವರು ವಿರಳ. ಅದು ನಿಂತುಹೋದಾಗ ಮಾತ್ರ ಏನೋ ಬರಿದಾಯಿತೆಂದು ಎಲ್ಲರಿಗೂ ತಿಳಿಯುತ್ತದೆ. ಮನೆಯ ಅಡಿಪಾಯದ ಗತಿಯೂ ಹೀಗೆಯೇ. ನೋಡುವವರು ಗೋಡೆಯನ್ನು ಹೊಗಳುತ್ತಾರೆ, ಭಾರ ಹೊರುವುದು ಅಡಿಪಾಯ.

ಈಚಿನ ವರ್ಷಗಳಲ್ಲಿ ನಮ್ಮ ಸಂಘದ ಕುಟುಂಬಗಳ ಮಕ್ಕಳು ಹೈದರಾಬಾದು, ಬೆಂಗಳೂರುಗಳಲ್ಲಿ ಓದುತ್ತ, ದುಡಿಯುತ್ತ, ಹಳೆಯ ಬೇಸ್ ಗಿಟಾರುಗಳನ್ನು ಅಗ್ಗದ ಬೆಲೆಗೆ ಕೊಂಡು ತರುವುದನ್ನು ಕಾಣುತ್ತಿದ್ದೇವೆ. ನಾಲ್ಕು ದಪ್ಪ ತಂತಿಗಳ, ಹೊತ್ತರೆ ಹೆಗಲು ಬಾಗಿಸುವ ಈ ವಾದ್ಯವನ್ನು ಕಂಡು ಹಿರಿಯರು ಹುಬ್ಬೇರಿಸುವುದುಂಟು. “ಹಾಡು ಬಾರದ ಈ ವಾದ್ಯ ಯಾಕಪ್ಪ?” ಎಂಬ ಪ್ರಶ್ನೆ ಸಹಜವೇ. ಆದರೆ ಇದೇ ಪ್ರಶ್ನೆಯನ್ನು ತಂಬೂರಿಗೂ ಕೇಳಬಹುದಲ್ಲವೆ? ತಂಬೂರಿಯೂ ರಾಗವನ್ನು ನುಡಿಸುವುದಿಲ್ಲ. ರಾಗಕ್ಕೆ ನೆಲೆ ಕೊಡುತ್ತದೆ. ಇವೆರಡರ ಬಳಗವನ್ನು ಚರಿತ್ರೆಯ ಬೆಳಕಿನಲ್ಲಿ ನೋಡುವುದೇ ಈ ಲೇಖನದ ಉದ್ದೇಶ.

ಮೂರು ತಾಲ್ಲೂಕುಗಳ ನೆಲೆ

ಜಹೀರಾಬಾದು, ನಾರಾಯಣಖೇಡ, ತಾಂಡೂರು ಇಂದು ತೆಲಂಗಾಣಕ್ಕೆ ಸೇರಿವೆ. 1956ರ ನವೆಂಬರ್ 1ಕ್ಕೆ ಮುನ್ನ ಜಹೀರಾಬಾದು ಮತ್ತು ನಾರಾಯಣಖೇಡ ತಾಲ್ಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು; ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯ ಪುನರ್ವಿಂಗಡಣೆಯ ಗೆರೆ ನಮ್ಮ ಊರುಗಳನ್ನು ಆಂಧ್ರಪ್ರದೇಶದ ಕಡೆಗೆ ಸೇರಿಸಿತು. ಅದಕ್ಕೂ ಹಿಂದೆ, 1948ರ ಸೆಪ್ಟೆಂಬರ್‌ವರೆಗೆ ನಾವು ನಿಜಾಮರ ಪ್ರಜೆಗಳು. ಆಗ ಆಡಳಿತದ ಭಾಷೆ ಉರ್ದು. ಪೇಟೆಯಲ್ಲಿ ತೆಲುಗು, ಮರಾಠಿ, ದಖ್ಖನಿ. ಮನೆಯಲ್ಲಿ ಮತ್ತು ಮಠದಲ್ಲಿ ಕನ್ನಡ. ಶಾಲೆಯ ಆಶ್ರಯ ಅಷ್ಟಾಗಿ ಇಲ್ಲದ ಕಾಲದಲ್ಲಿ ನಮ್ಮ ಹಿರಿಯರು ಕನ್ನಡವನ್ನು ಉಳಿಸಿಕೊಂಡದ್ದು ಹೇಗೆ? ವಚನ ಮತ್ತು ಪುರಾಣಗಳ ಜೊತೆಗೆ ಭಜನೆಯ ತತ್ವಪದಗಳೂ ಆ ಕೆಲಸವನ್ನು ಮಾಡಿದವು. ಓದು ಬಾರದವರ ಬಾಯಲ್ಲಿ ನೂರಾರು ಪದಗಳು ನಿಂತದ್ದು ಶ್ರುತಿಯ ಬಲದಿಂದ. ಆ ಶ್ರುತಿ ಏಕತಾರಿಯದು.

ದೊರೆಯ ತಂಬೂರಿಗೊಂದು ಹೆಸರು

ವಾದ್ಯದ ಮೇಲಿನ ವ್ಯಾಮೋಹ ಇಂದಿನ ಹುಡುಗರು ಕಂಡುಹಿಡಿದದ್ದಲ್ಲ. ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲಶಾಹಿ 1580ರಿಂದ 1627ರವರೆಗೆ ಆಳಿದವನು. ಜಗದ್ಗುರು ಎಂದು ಹೆಸರು ಪಡೆದವನು. ಅವನು ದಖ್ಖನಿಯಲ್ಲಿ ರಚಿಸಿದ ‘ಕಿತಾಬ್-ಎ-ನವರಸ್’ ಹಾಡುಗಳ ಕೃತಿಯಲ್ಲಿ ಸರಸ್ವತಿ, ಗಣಪತಿ, ಖ್ವಾಜಾ ಬಂದೇನವಾಜರ ಸ್ತುತಿಯ ಜೊತೆಗೆ ಅವನ ತಂಬೂರಿಯ ಹೊಗಳಿಕೆಯೂ ಇದೆ. ಆ ತಂಬೂರಿಗೆ ಅವನು ‘ಮೋತಿಖಾನ್’ ಎಂದು ಹೆಸರಿಟ್ಟಿದ್ದ. ಒಂದು ವಾದ್ಯಕ್ಕೆ ಮನುಷ್ಯನ ಹೆಸರು, ಅದೂ ಆಸ್ಥಾನದ ಅಮೀರನಿಗೊಪ್ಪುವ ಹೆಸರು! ದೊರೆಯೇ ತಂಬೂರಿಯನ್ನು ಹಿಡಿದು ನುಡಿಸುತ್ತಿರುವ ಚಿತ್ರವೂ ಉಳಿದು ಬಂದಿದೆ. 1619ರಲ್ಲಿ ಬೀದರವೂ ವಿಜಯಪುರದ ಕೈಸೇರಿತು.

ಇದೇ ನಾಡಿನಲ್ಲಿ ಹರಿದಾಸರು ತಂಬೂರಿಯನ್ನು ಹೆಗಲಿಗೇರಿಸಿ ಬೀದಿಗೆ ಇಳಿದಿದ್ದರು. ಪುರಂದರದಾಸರನ್ನು ತಂಬೂರಿ, ಗೆಜ್ಜೆ, ಚಿಟಿಕೆಗಳಿಲ್ಲದೆ ಕಲ್ಪಿಸಿಕೊಳ್ಳುವುದು ನಮಗೆ ಸಾಧ್ಯವಿಲ್ಲ. ಅರಮನೆಯಲ್ಲಿ ಹೆಸರು ಪಡೆದ ವಾದ್ಯ ಬೀದಿಯಲ್ಲಿ ಹಸಿದವನ ಸಂಗಾತಿಯೂ ಆಗಿತ್ತು. ಈ ಎರಡು ಬದುಕು ಮುಂದೆ ಬರುವ ಎಲ್ಲ ಮಂದ್ರ ವಾದ್ಯಗಳಿಗೂ ಅಂಟಿಕೊಂಡಿದೆ.

ಬಡವರ ವಾದ್ಯ

ಏಕತಾರಿಗೆ ಬೇಕಾಗುವ ಸಾಮಗ್ರಿ ತೀರ ಸಾಮಾನ್ಯ: ಒಣಗಿದ ಸೋರೆ ಬುರುಡೆ, ಒಂದು ಬಿದಿರಿನ ಕೋಲು, ಬುರುಡೆಯ ಬಾಯಿಗೆ ಬಿಗಿದ ಚರ್ಮ, ಒಂದು ತಂತಿ, ಅದನ್ನು ಬಿಗಿಮಾಡಲು ಒಂದು ಗೂಟ. ಹೊಲದ ಬೇಲಿಯಲ್ಲಿ ಬೆಳೆದದ್ದೇ ವಾದ್ಯವಾಗುತ್ತದೆ. ಕೊಳ್ಳುವ ಖರ್ಚು ಇಲ್ಲವೆಂದೇ ಇದು ಜಾತಿ, ಮತ, ಅಂತಸ್ತುಗಳ ಗಡಿಯನ್ನು ದಾಟಿತು. ಕಲಬುರಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ಪದಗಳಾಗಲಿ, ಚನ್ನೂರ ಜಲಾಲಸಾಹೇಬರ ಪದಗಳಾಗಲಿ, ಧಾರವಾಡ ಸೀಮೆಯ ಶಿಶುನಾಳ ಶರೀಫರ (1819–1889) ಪದಗಳಾಗಲಿ, ಹರಡಿದ್ದು ಈ ಅಗ್ಗದ ವಾದ್ಯದ ಬೆನ್ನೇರಿ. ನಮ್ಮ ಹೆದ್ದಾರಿಯಲ್ಲೇ ಮುಂದೆ ಸಿಗುವ ಹುಮನಾಬಾದಿನ ಬಳಿಯ ಮಾಣಿಕನಗರದಲ್ಲಿ ಮಾಣಿಕಪ್ರಭುಗಳು (1817–1865) ಕನ್ನಡ, ಮರಾಠಿ, ಉರ್ದು ಮೊದಲಾದ ಭಾಷೆಗಳಲ್ಲಿ ಪದಗಳನ್ನು ರಚಿಸಿದರು. ಅಲ್ಲಿಯ ದತ್ತಜಯಂತಿಯ ಸಂಗೀತ ದರಬಾರು ಇಂದಿಗೂ ಪ್ರಸಿದ್ಧ. ಭಾಷೆಗಳು ಹಲವು, ಕೆಳಗೆ ಮಿಡಿಯುವ ಷಡ್ಜ ಒಂದೇ.

ಮೀರಜದ ಬುರುಡೆ

ಗವಾಯಿಗಳ ತಂಬೂರಿಯ ಮಾತು ಬಂದರೆ ಕರ್ನಾಟಕದ ಗಡಿಗೆ ಹೊಂದಿದ ಮೀರಜವನ್ನು ನೆನೆಯಲೇಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ, ಪಟವರ್ಧನ ಸಂಸ್ಥಾನಿಕರ ಆಶ್ರಯದಲ್ಲಿ, ಆಯುಧಗಳನ್ನು ಮಾಡಿ ಮಸೆಯುತ್ತಿದ್ದ ಮನೆತನದ ಫರೀದಸಾಹೇಬರು ತಂತಿವಾದ್ಯಗಳ ದುರಸ್ತಿಗೆ, ಆಮೇಲೆ ತಯಾರಿಕೆಗೆ ತೊಡಗಿದರು. ಕತ್ತಿಯ ಕೆಲಸ ಕ್ಷೀಣಿಸಿದಾಗ ಅದೇ ಕೈಗಳು ಸಿತಾರು, ತಂಬೂರಿಗಳನ್ನು ಹುಟ್ಟಿಸಿದವು. ಮನೆತನದ ಅಡ್ಡಹೆಸರೇ ‘ಸಿತಾರಮೇಕರ್’ ಆಯಿತು. ಪಂಢರಪುರದ ಸುತ್ತಿನ ಹೊಲಗಳಲ್ಲಿ ಬೆಳೆದ ದೊಡ್ಡ ಬುರುಡೆಗಳು ಅಲ್ಲಿಗೆ ಬರುತ್ತವೆ. ಮೀರಜದ ಸಿತಾರು ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ತಂಬೂರಿಯ ಜೀವ ಇರುವುದು ಅದರ ಕುದುರೆಯ ಮೇಲೆ. ಅಗಲವಾದ ಆ ಕುದುರೆಯ ಮೈಯನ್ನು ಅಳತೆಯರಿತು ಉಜ್ಜಿ, ತಂತಿಯ ಕೆಳಗೆ ಸಣ್ಣ ನೂಲೆಳೆಯನ್ನು ಇರಿಸಿದರೆ ನಾದ ತೆರೆದುಕೊಳ್ಳುತ್ತದೆ. ಒಂದು ತಂತಿಯಲ್ಲಿ ಹಲವು ಸ್ವರಗಳು ಕೇಳತೊಡಗುತ್ತವೆ. ಇದನ್ನೇ ಜವಾರಿ ಎನ್ನುವರು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು (1872–1937) ಮೀರಜದಲ್ಲಿ ನೆಲೆನಿಂತವರು. ಹಾಡುಗಾರಿಕೆಯಷ್ಟೇ ವಾದ್ಯಗಳ ದುರಸ್ತಿಯಲ್ಲೂ ನಿಪುಣರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಸವಾಯಿ ಗಂಧರ್ವರ ಶಿಷ್ಯರು. ಕನ್ನಡ ನಾಡಿನ ಈ ಮಹಾ ಪರಂಪರೆ ಶ್ರುತಿಶುದ್ಧವಾದ ತಂಬೂರಿಯ ಮೇಲೆ ನಿಂತಿದೆ. ಹಳೆಯ ತಂಬೂರಿಯನ್ನು ಗವಾಯಿಗಳು ಮಕ್ಕಳಂತೆ ಕಾಪಾಡುವುದೂ ಸುಮ್ಮನೆ ಅಲ್ಲ. ವರ್ಷಗಳು ಕಳೆದಂತೆ ಬುರುಡೆಯೂ ಮರವೂ ಪೂರ್ತಿ ಒಣಗಿ ಹಗುರವಾಗಿ ನಾದಕ್ಕೆ ಒಲಿಯುತ್ತವೆ ಎಂಬುದು ಅವರ ಅನುಭವ.

ಪೇಟಿಯೂ ಪೆಟ್ಟಿಗೆಯೂ

ಆಮೇಲೆ ಬಂದದ್ದು ಪೇಟಿ. 1842ರಲ್ಲಿ ಪ್ಯಾರಿಸ್ಸಿನ ದೆಬೇನ್ ಎಂಬವನು ಹಾರ್ಮೋನಿಯಂಗೆ ಹಕ್ಕುಪತ್ರ ಪಡೆದನು. 1875ರ ಸುಮಾರಿಗೆ ಕಲಕತ್ತೆಯ ದ್ವಾರಕಾನಾಥ ಘೋಷ್ ಅದನ್ನು ನೆಲದ ಮೇಲೆ ಕುಳಿತು ಕೈಯಿಂದ ಗಾಳಿ ಹಾಕುವಂತೆ ಮಾರ್ಪಡಿಸಿದರು. ನಾಟಕ ಕಂಪನಿಗಳಿಗೂ ಭಜನಾ ಮಂಡಳಿಗಳಿಗೂ ಅದು ಬಲು ಅನುಕೂಲವಾಯಿತು. ವಿದ್ವಾಂಸರು ಅದನ್ನು ಪರಕೀಯವೆಂದರು. ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ದೂರವಿಟ್ಟಿತು. ಇಂದು ಪೇಟಿಯಿಲ್ಲದ ಭಜನೆ ಯಾವ ಊರಿನಲ್ಲಿದೆ? ಹೊರಗಿನದೆಂದು ಬೈಸಿಕೊಂಡ ವಾದ್ಯ ಎರಡು ತಲೆಮಾರಿನಲ್ಲಿ ಮನೆಮಗಳಾಯಿತು.

ಮುಂದಿನ ಹೆಜ್ಜೆ ಬೆಂಗಳೂರಿನದು. ಇಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಸ್ಥಾಪಿಸಿದ ರಾಡೆಲ್ ಸಂಸ್ಥೆ ವಿದ್ಯುನ್ಮಾನ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ಮನೆಮನೆಗೆ ತಲುಪಿಸಿತು. ಕೈಚೀಲದಲ್ಲಿ ಹಿಡಿಯುವ ಪೆಟ್ಟಿಗೆ. ತಿರುಪು ತಿರುಗಿಸಿದರೆ ಶ್ರುತಿ ಸಿದ್ಧ. ತಂಬೂರಿ ಮೀಟಲು ಜನವಿಲ್ಲದ ಸಣ್ಣ ಊರುಗಳ ವಿದ್ಯಾರ್ಥಿಗಳಿಗೆ ಇದು ವರವೇ ಸರಿ. ಈಗ ಅದೂ ಮೊಬೈಲಿನೊಳಗೆ ಸೇರಿದೆ. ಆದರೆ ತಂಬೂರಿಯ ಹಿಂದೆ ಕುಳಿತು ಗುರುವಿನ ಹಾಡನ್ನು ಗಂಟೆಗಟ್ಟಲೆ ಕೇಳುತ್ತ ಕಲಿಯುತ್ತಿದ್ದ ಶಿಷ್ಯನ ಜಾಗವೂ ಅದರೊಡನೆ ಖಾಲಿಯಾಯಿತು. ಅನುಕೂಲಕ್ಕೆ ತೆತ್ತ ಬೆಲೆ ಇದು.

ನಾಲ್ಕು ತಂತಿಗಳ ಪರದೇಶಿ

ಈಗ ಬೇಸ್ ಗಿಟಾರಿನ ಕಥೆ. ಪಾಶ್ಚಾತ್ಯ ಮೇಳಗಳಲ್ಲಿ ಮಂದ್ರಸ್ವರದ ಹೊಣೆ ಹೊತ್ತಿದ್ದುದು ಆಳೆತ್ತರದ ಡಬಲ್ ಬೇಸ್. ಅದನ್ನು ನಿಂತು ನುಡಿಸಬೇಕು. ಸಾಗಿಸಲು ಗಾಡಿ ಬೇಕು. ತುತ್ತೂರಿ, ಡೋಲುಗಳ ನಡುವೆ ಅದರ ದನಿ ಮುಳುಗಿಹೋಗುತ್ತಿತ್ತು. 1930ರ ದಶಕದ ನಡುವೆ ಅಮೆರಿಕದ ಸಿಯಾಟಲಿನ ಪಾಲ್ ಟುಟ್‌ಮಾರ್ಕ್ ಗಿಟಾರಿನಂತೆ ಹಿಡಿಯಬಹುದಾದ ವಿದ್ಯುತ್ ಬೇಸನ್ನು ಮಾಡಿದನಾದರೂ ಅದು ಹೆಚ್ಚು ಹರಡಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯದ ಲಿಯೋ ಫೆಂಡರ್ ‘ಪ್ರಿಸಿಶನ್ ಬೇಸ್’ ಹೊರತಂದನು. ಕೊರಳಿನ ಮೇಲೆ ಲೋಹದ ಮೆಟ್ಟುಗಳಿದ್ದುದರಿಂದ ಸ್ವರಸ್ಥಾನ ತಪ್ಪದು; ಆ ಕಾರಣಕ್ಕೇ ‘ನಿಖರ’ವೆಂಬ ಅರ್ಥದ ಹೆಸರು. ಫೆಂಡರ್ ರೇಡಿಯೊ ದುರಸ್ತಿ ಮಾಡುತ್ತಿದ್ದವನು; ಗಿಟಾರು ನುಡಿಸಲು ಬಾರದವನು. ಮೀರಜದಲ್ಲಿ ಆಯುಧದವರು ಸಿತಾರು ಮಾಡಿದಂತೆ ಇಲ್ಲಿ ರೇಡಿಯೊದವನು ಗಿಟಾರು ಮಾಡಿದನು.

ಇದರ ರಚನೆ ಸರಳ. ತಂತಿಗಳ ಕೆಳಗೆ ಆಯಸ್ಕಾಂತ. ಅದರ ಸುತ್ತ ಕೂದಲಿನಂತಹ ತಾಮ್ರದ ತಂತಿಯ ಸುರುಳಿ. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರ್ ಹಿಗ್ಗಿಸುತ್ತದೆ. ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ‘ಕರಿ ಒಂದು’ ಶ್ರುತಿಯಲ್ಲಿ ಹಾಡುವ ಗಂಡಸಿನ ತಂಬೂರಿಯ ಮಂದ್ರ ಷಡ್ಜ ಸುಮಾರು 69 ಕಂಪನಗಳದ್ದು. ಬೇಸ್ ಗಿಟಾರಿನ ಎರಡನೆಯ ದಪ್ಪ ತಂತಿಯ ನಾಲ್ಕನೆಯ ಮೆಟ್ಟನ್ನು ಒತ್ತಿದರೆ ಅದೇ ಸ್ವರ ಬರುತ್ತದೆ. ನಮ್ಮ ಮಕ್ಕಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು.

ಹಳೆಯದು, ಅಗ್ಗದ್ದು ಎಂಬ ಎರಡೂ ಗುಣಗಳಿಗೆ ಉದಾಹರಣೆಯಾಗಿ ಒಂದು ವಾದ್ಯದ ಕಥೆ ಹೇಳಬೇಕು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಪಿಟೀಲಿನ ಆಕಾರದ ಹಾಫ್ನರ್ ಬೇಸ್ ಕೊಂಡನು. ಫೆಂಡರ್ ಕೊಳ್ಳುವ ಶಕ್ತಿ ಅವನಿಗಿರಲಿಲ್ಲ; ಇದಕ್ಕೆ ತಗುಲಿದ್ದು ಸುಮಾರು 30 ಪೌಂಡು. ಎರಡೂ ಬದಿ ಒಂದೇ ಆಕಾರವಿದ್ದುದರಿಂದ ಎಡಗೈಯವನಾದ ಅವನಿಗೆ ಒಪ್ಪಿತು. 1972ರಲ್ಲಿ ಆ ವಾದ್ಯ ಲಂಡನ್ನಿನಲ್ಲಿ ಕಳುವಾಯಿತು. ಅಭಿಮಾನಿಗಳು ಹುಡುಕಾಟ ನಡೆಸಿ, ಒಂದು ಮನೆಯ ಅಟ್ಟದಲ್ಲಿದ್ದ ಅದು ಐವತ್ತು ವರ್ಷಗಳ ನಂತರ ಒಡೆಯನ ಕೈಸೇರಿತು. ಸುದ್ದಿ 2024ರಲ್ಲಿ ಪ್ರಕಟವಾಯಿತು. ಅಗ್ಗದಲ್ಲಿ ಕೊಂಡದ್ದು ಬೆಲೆ ಕಟ್ಟಲಾಗದ್ದಾಯಿತು.

ನಮ್ಮ ದೇಶದಲ್ಲಿ ಆಮದಿನ ಕಟ್ಟುಪಾಡುಗಳು 1991ರವರೆಗೂ ಬಿಗಿಯಾಗಿದ್ದವು. ವಿದೇಶದ ಗಿಟಾರು ಸಾಮಾನ್ಯರ ಕೈಗೆಟುಕದಾದಾಗ ಕಲಕತ್ತೆಯ ಗಿವ್ಸನ್‌ನಂಥ ತಯಾರಕರು ಸುಲಭ ಬೆಲೆಯಲ್ಲಿ ದೇಶದ ಹುಡುಗರಿಗೆ ಗಿಟಾರು ಒದಗಿಸಿದರು. ಚಿತ್ರಗೀತೆಗಳೂ ಗಣೇಶೋತ್ಸವದ ಆರ್ಕೆಸ್ಟ್ರಾಗಳೂ ಬೇಸಿನ ದನಿಯನ್ನು ಹಳ್ಳಿಗೆ ತಂದವು. 1981ರಲ್ಲಿ ಶಂಕರನಾಗ್ ನಿರ್ದೇಶಿಸಿ ನಟಿಸಿದ ‘ಗೀತಾ’ ಚಿತ್ರಕ್ಕೆ ಇಳಯರಾಜ ಕೊಟ್ಟ ಸಂಗೀತವನ್ನು ಕೇಳಿದವರು, ಹೆಸರು ತಿಳಿಯದಿದ್ದರೂ ಈ ವಾದ್ಯವನ್ನು ಕೇಳಿಯೇ ಇದ್ದಾರೆ. 2008ರಲ್ಲಿ ರಘು ದೀಕ್ಷಿತರ ಮೊದಲ ಧ್ವನಿಸಂಪುಟದಲ್ಲಿ ಶಿಶುನಾಳ ಶರೀಫರ ಪದ ಗಿಟಾರು, ಬೇಸ್‌ಗಳ ಮೇಳದೊಡನೆ ಬಂದಿತು. ಕನ್ನಡ ಬಾರದ ದೇಶಗಳಲ್ಲೂ ಕೇಳಿಸಿತು. ಏಕತಾರಿಯ ಪದ ಬೇಸಿನ ತಂತಿಯ ಮೇಲೆ ನಿಂತಿತು, ಪದ ಕೆಡಲಿಲ್ಲ.

ನಮ್ಮ ಮುಂದಿರುವ ಕೆಲಸ

ಚಿಂತೆ ವಾದ್ಯದ್ದಲ್ಲ, ಪದದ್ದು. ತತ್ವಪದಗಳ ಸಂಪುಟಗಳನ್ನು ಬೆಂಗಳೂರಿನ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಕೇಂದ್ರ ಹೊರತಂದು ದೊಡ್ಡ ಉಪಕಾರ ಮಾಡಿದೆ. ಆದರೆ ಅಚ್ಚಿನಲ್ಲಿ ಮಾತು ಉಳಿಯುವುದೇ ಹೊರತು ಮಟ್ಟು ಉಳಿಯದು. ನಮ್ಮ ಮೂರು ತಾಲ್ಲೂಕುಗಳ ಮಟ್ಟುಗಳು ಎಪ್ಪತ್ತು, ಎಂಬತ್ತು ದಾಟಿದವರ ಕಂಠದಲ್ಲಿವೆ. ಅವರ ಮೊಮ್ಮಕ್ಕಳು ತೆಲುಗು, ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದಾರೆ. ಕನ್ನಡವನ್ನು ಅರಿಯುವರು, ಓದಲಾರರು. ಹಿಂದೆ ಓದು ಬಾರದವರಿಗೆ ಕನ್ನಡವನ್ನು ಉಳಿಸಿಕೊಟ್ಟ ದಾರಿಯೇ ಈ ಮಕ್ಕಳಿಗೂ ತೆರೆದಿರುವ ದಾರಿ.

ಮಾದರಿಗಾಗಿ ದೂರ ಹೋಗಬೇಕಾಗಿಲ್ಲ. ಜಹೀರಾಬಾದಿನ ಬಳಿಯ ಮಾಚನೂರಿನಲ್ಲಿ 2008ರಿಂದ ‘ಸಂಘಂ ರೇಡಿಯೊ’ವನ್ನು ದಲಿತ ರೈತ ಮಹಿಳೆಯರು ನಡೆಸುತ್ತ, ಬೀಜ, ಬೇಸಾಯಗಳ ಜೊತೆಗೆ ತಮ್ಮ ಹಾಡುಗಳನ್ನೂ ದಾಖಲಿಸಿದ್ದಾರೆ. ಅವರು ತೆಲುಗಿನಲ್ಲಿ ಮಾಡಿದ್ದನ್ನು ನಾವು ಕನ್ನಡದಲ್ಲಿ ಮಾಡಲಾರೆವೆ?

ಆದ್ದರಿಂದ ಸಂಘದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟು. ಅಟ್ಟದ ಮೇಲಿರುವ ಏಕತಾರಿ, ತಂಬೂರಿ, ಹಳೆಯ ಪೇಟಿಗಳನ್ನು ಗುಜರಿಗೆ ಹಾಕದೆ ಕೆಳಗಿಳಿಸೋಣ. ತಂತಿ ಹೊಸದು ಕಟ್ಟಲು ಹೆಚ್ಚು ಹಣ ಬೇಡ. ಅಮಾವಾಸ್ಯೆಯ ಭಜನೆಗೆ ಹಬ್ಬಕ್ಕೆಂದು ಊರಿಗೆ ಬಂದ ಮಕ್ಕಳನ್ನು ಅವರ ಬೇಸ್ ಗಿಟಾರಿನ ಸಮೇತ ಕರೆಯೋಣ. ಪದದ ಷಡ್ಜವನ್ನು ಅವರು ಹಿಡಿಯಲಿ, ಪಲ್ಲವಿಯನ್ನು ಅಜ್ಜ ಎತ್ತಿಕೊಡಲಿ, ಮೊಬೈಲಿನಲ್ಲಿ ಅದು ದಾಖಲಾಗಲಿ, ಹಾಡಿದವರ ಊರು, ಪದಕಾರನ ಅಂಕಿತ ಅದರೊಡನೆ ಬರೆದಿಡಲ್ಪಡಲಿ. ಹಾಡಿನ ಕೊನೆಯಲ್ಲಿ ಬರುವ ಅಂಕಿತದ ಅರ್ಥವನ್ನು ಹುಡುಗ ಕೇಳಿದನೆಂದರೆ ಅಂದಿನ ಕನ್ನಡ ಪಾಠ ಮುಗಿದಂತೆ.