ಓದಿ ಉತ್ತರಿಸಿರಿ: ಒಂದು ಪ್ರಶ್ನೆ ನಡೆದು ಬಂದ ದಾರಿ

ಹತ್ತನೆಯ ತರಗತಿಯ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಉಳಿದವುಗಳಿಗಿಂತ ತೀರಾ ಭಿನ್ನವಾದ ಒಂದು ಪ್ರಶ್ನೆಯಿರುತ್ತದೆ. ಹತ್ತು ಹದಿನೈದು ಸಾಲುಗಳ ಒಂದು ಗದ್ಯಭಾಗ, ಅದರ ಕೆಳಗೆ ನಾಲ್ಕೈದು ಪ್ರಶ್ನೆಗಳು. ಆ ಗದ್ಯಭಾಗ ವಿದ್ಯಾರ್ಥಿ ಓದಿದ ಯಾವ ಪಾಠದ್ದೂ ಅಲ್ಲ. ಆದರೆ ಉತ್ತರಗಳೆಲ್ಲ ಕಣ್ಣೆದುರೇ ಇವೆ. ನ್ಯಾಯವಾಗಿ ನೋಡಿದರೆ ಇಡೀ ಪತ್ರಿಕೆಯಲ್ಲಿ ಅತ್ಯಂತ ಸುಲಭದ ಪ್ರಶ್ನೆ ಇದಾಗಬೇಕಿತ್ತು. ಆದರೆ ಪದ್ಯದ ಸಾರಾಂಶವನ್ನು ಒಂದಕ್ಷರ ತಪ್ಪದೆ ಬರೆಯುವ ಹುಡುಗಿ ಇಲ್ಲಿಗೆ ಬಂದಾಗ ಪೆನ್ನು ಕಚ್ಚುತ್ತಾ ಕುಳಿತುಬಿಡುತ್ತಾಳೆ. ನಮ್ಮ ಅಧ್ಯಾಪಕರಿಗೂ ಹೆತ್ತವರಿಗೂ ಇದು ಹೊಸ ವಿಷಯವೇನಲ್ಲ.

ಈ ಪ್ರಶ್ನೆ ಪರೀಕ್ಷೆಗೆ ಏಕೆ ಬಂತು, ಯಾರು ಯಾವ ಉದ್ದೇಶದಿಂದ ಇದರ ಬಗ್ಗೆ ಚಿಂತಿಸಿದರು ಎಂಬುದಕ್ಕೆ ಒಂದೂವರೆ ಶತಮಾನದ ಇತಿಹಾಸವಿದೆ. ಅದರಲ್ಲಿ ಒಂದು ಮುಖ್ಯ ಅಧ್ಯಾಯ ನಡೆದದ್ದು ಢಾಕಾದಲ್ಲಿ, ಇನ್ನೊಂದು ನಮ್ಮ ಬೆಂಗಳೂರಿನಲ್ಲಿ.

ಪರೀಕ್ಷೆಯೊಂದಿಗೇ ಬಂದ ಬಾಯಿಪಾಠ

1854ರ ವುಡ್ ಸುತ್ತೋಲೆಯ ಫಲವಾಗಿ 1857ರಲ್ಲಿ ಕಲ್ಕತ್ತಾ, ಬೊಂಬಾಯಿ ಮತ್ತು ಮದರಾಸಿನಲ್ಲಿ ವಿಶ್ವವಿದ್ಯಾನಿಲಯಗಳು ಆರಂಭವಾದವು. ವಿಶ್ವವಿದ್ಯಾನಿಲಯ ಎಂದೊಡನೆ ಪಾಠ ಹೇಳುವ ಸ್ಥಳವೆಂದು ಭಾವಿಸಬೇಡಿ. ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ ಕಟ್ಟಿದ ಇವು ಮೊದಲಿಗೆ ಪರೀಕ್ಷೆ ನಡೆಸುವ ಮಂಡಳಿಗಳಷ್ಟೇ ಆಗಿದ್ದವು. ಅವುಗಳ ಪ್ರವೇಶ ಪರೀಕ್ಷೆ, ಅಂದರೆ ಮೆಟ್ರಿಕ್ಯುಲೇಷನ್, ಸರಕಾರಿ ಕೆಲಸದ ಬಾಗಿಲೂ ಆಯಿತು. ಆ ಬಾಗಿಲಿನ ಬೀಗ ಇಂಗ್ಲಿಷ್. ಗೊತ್ತುಪಡಿಸಿದ ಪುಸ್ತಕಗಳಿಂದಲೇ ಪ್ರಶ್ನೆ ಬರುವುದು ಖಚಿತವಾದ ಮೇಲೆ ಪುಸ್ತಕ ಓದುವ ಗೋಜು ಯಾರಿಗೆ ಬೇಕು? ನೋಟ್ಸುಗಳೂ ಕೀಗಳೂ ಮಾರುಕಟ್ಟೆಗೆ ಬಂದವು. ಇಂದಿನ ಗೈಡುಗಳ ವಂಶವೃಕ್ಷ ಅಲ್ಲಿಂದಲೇ ಶುರುವಾಗುತ್ತದೆ.

ಬಾಯಿಪಾಠದ ರೋಗ ಭಾರತೀಯರದ್ದು ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ. 1862ರಲ್ಲಿ ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಿಗೆ ಫಲಿತಾಂಶ ನೋಡಿ ಅನುದಾನ ಕೊಡುವ ನಿಯಮ ಜಾರಿಗೆ ಬಂತು. ಇನ್‌ಸ್ಪೆಕ್ಟರು ಬಂದು ಮಕ್ಕಳಿಂದ ಓದಿಸುತ್ತಿದ್ದರು, ಓದಿದ ಮಕ್ಕಳ ಲೆಕ್ಕದಲ್ಲಿ ಶಾಲೆಗೆ ಹಣ ಸಿಗುತ್ತಿತ್ತು. ಹಣದ ಪ್ರಶ್ನೆ ಬಂದ ಮೇಲೆ ಕೇಳಬೇಕೆ? ಇಡೀ ವರ್ಷ ಒಂದೇ ಪುಸ್ತಕವನ್ನು ಓದಿಸಿ ಓದಿಸಿ ಮಕ್ಕಳಿಗೆ ಅದು ಕಂಠಸ್ಥವಾಗುತ್ತಿತ್ತು. ಶಾಲಾ ಇನ್‌ಸ್ಪೆಕ್ಟರೂ ಆಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡ್ ಈ ಪದ್ಧತಿಯನ್ನು ತನ್ನ ವರದಿಗಳಲ್ಲಿ ಕಟುವಾಗಿ ಟೀಕಿಸಿದ. ಅದೇ ನಿಯಮಾವಳಿಯ ಅತ್ಯುನ್ನತ ದರ್ಜೆಯ ಮಕ್ಕಳಿಗೆ ಮಾತ್ರ ವೃತ್ತಪತ್ರಿಕೆಯ ಒಂದು ಸಾಮಾನ್ಯ ಪ್ಯಾರಾ ಕೊಟ್ಟು ಓದಿಸಬೇಕೆಂದಿತ್ತು. ಮೊದಲೇ ನೋಡಿರದ ಬರಹವನ್ನು ಓದಲು ಕೊಡುವ ಕ್ರಮದ ಒಂದು ಬೀಜ ಇಲ್ಲಿ ಕಾಣುತ್ತದೆ. ಫಲಿತಾಂಶಕ್ಕೆ ತಕ್ಕ ಅನುದಾನದ ಪದ್ಧತಿ ಮದರಾಸು, ಬೊಂಬಾಯಿ ಪ್ರಾಂತಗಳಿಗೂ ಬಂತು, ಅದರ ಜೊತೆಗೆ ಅದರ ರೋಗವೂ ಬಂತು.

ಇಂಗ್ಲಿಷ್ ಓದಲಾರದವನಿಗೆ ಇಂಗ್ಲಿಷಿನ ಜ್ಞಾನ ತಲುಪಿಸುವ ಇನ್ನೊಂದು ದಾರಿಯನ್ನು ಈ ಕಾಲದಲ್ಲೇ ಸರ್ ಸೈಯದ್ ಅಹ್ಮದ್ ಖಾನ್ ಪ್ರಯತ್ನಿಸಿದ್ದರು. ಸ್ವತಃ ಇಂಗ್ಲಿಷ್ ಅಷ್ಟಾಗಿ ಬಾರದ ಅವರು 1864ರಲ್ಲಿ ಗಾಜೀಪುರದಲ್ಲಿ ಸೈಂಟಿಫಿಕ್ ಸೊಸೈಟಿ ಸ್ಥಾಪಿಸಿ ಇಂಗ್ಲಿಷ್ ಗ್ರಂಥಗಳನ್ನು ಉರ್ದುವಿಗೆ ತರಿಸಿದರು. ಅನುವಾದ ಎಷ್ಟೇ ಮಾಡಿದರೂ ಸಾಲದು ಎಂಬುದು ಮನವರಿಕೆಯಾಗಿರಬೇಕು. 1875ರಲ್ಲಿ ಅಲಿಘರ್‌ನಲ್ಲಿ ಶುರುವಾದ ಸಂಸ್ಥೆ ಇಂಗ್ಲಿಷ್ ಶಿಕ್ಷಣವನ್ನೇ ನೆಚ್ಚಿಕೊಂಡಿತು.

1917ರಿಂದ 1919ರವರೆಗೆ ಕೆಲಸ ಮಾಡಿದ ಕಲ್ಕತ್ತಾ ವಿಶ್ವವಿದ್ಯಾನಿಲಯ ಆಯೋಗದ ಅಧ್ಯಕ್ಷರು ಮೈಕೆಲ್ ಸ್ಯಾಡ್ಲರ್. ಅಲಿಘರ್‌ನ ಡಾ. ಜಿಯಾವುದ್ದೀನ್ ಅಹ್ಮದ್ ಅದರ ಸದಸ್ಯರಲ್ಲೊಬ್ಬರು. ಮೆಟ್ರಿಕ್ ಪಾಸಾಗಿ ಕಾಲೇಜಿಗೆ ಬಂದ ಎಷ್ಟೋ ಹುಡುಗರಿಗೆ ಇಂಗ್ಲಿಷ್ ಉಪನ್ಯಾಸ ಅರ್ಥವಾಗುವುದಿಲ್ಲ, ಅಧ್ಯಾಪಕರು ಹೇಳಿ ಬರೆಸಿದ ನೋಟ್ಸನ್ನೇ ಉರು ಹೊಡೆಯುತ್ತಾರೆ ಎಂಬ ದೂರು ಆ ಆಯೋಗದ ಮುಂದೆ ಬಂತು. ಅರವತ್ತು ವರ್ಷ ಪರೀಕ್ಷೆ ನಡೆಸಿದ ಮೇಲಿನ ಸ್ಥಿತಿ ಇದು.

ಓದುವುದೆಂದರೆ ಲೆಕ್ಕ ಬಿಡಿಸಿದಂತೆ

ಅದೇ ವರ್ಷಗಳಲ್ಲಿ ಅಮೆರಿಕದ ಶಿಕ್ಷಣತಜ್ಞರು ಬೇರೊಂದು ಪ್ರಶ್ನೆ ಕೇಳುತ್ತಿದ್ದರು. ಮಗು ಗಟ್ಟಿಯಾಗಿ, ಸ್ಪಷ್ಟವಾಗಿ ಓದಿದರೆ ಅದಕ್ಕೆ ಅರ್ಥವಾಗಿದೆ ಎಂದು ಹೇಳಬಹುದೇ? ಅರ್ಥವಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಕಾನ್ಸಾಸ್ ರಾಜ್ಯದ ಫ್ರೆಡರಿಕ್ ಕೆಲ್ಲಿ ಎಂಬವರು 1914-15ರ ಸುಮಾರಿಗೆ ಮೌನವಾಗಿ ಓದಿ ಉತ್ತರ ಗುರುತಿಸುವ ಐದು ನಿಮಿಷದ ಒಂದು ಪರೀಕ್ಷೆ ರೂಪಿಸಿದರು. ಹಸು, ಹುಲಿ, ಇಲಿ, ತೋಳ, ಇವುಗಳಲ್ಲಿ ರೈತನಿಗೆ ಉಪಯೋಗಕ್ಕೆ ಬರುವ ಪ್ರಾಣಿಯನ್ನು ಗುರುತಿಸು ಎಂಬಂಥ ಪ್ರಶ್ನೆಗಳು. ನಮ್ಮ ಇಂದಿನ ಬಹು ಆಯ್ಕೆ ಪ್ರಶ್ನೆಯ ಅಜ್ಜ ಇದು.

ಹೆಚ್ಚು ಬೆಲೆಬಾಳುವ ಕೆಲಸ 1917ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನಃಶಾಸ್ತ್ರಜ್ಞನದು. ಒಂದು ಊರಿನ ಶಾಲಾ ಹಾಜರಾತಿಯ ನಿಯಮವನ್ನು ಹೇಳುವ ಒಂದೇ ಒಂದು ವಾಕ್ಯವನ್ನು ಆತ ಮಕ್ಕಳಿಗೆ ಕೊಟ್ಟ. ಫ್ರಾಂಕ್ಲಿನ್ ಎಂಬ ಆ ಊರಿನಲ್ಲಿ ಏಳರಿಂದ ಹದಿನಾಲ್ಕು ವಯಸ್ಸಿನ ಪ್ರತಿ ಮಗುವೂ ಶಾಲೆ ನಡೆಯುವ ಪ್ರತಿದಿನ ಬರಲೇಬೇಕು. ಮಗುವಿಗೆ ಶಾಲೆಗೆ ಬರಲಾರದಷ್ಟು ಕಾಯಿಲೆಯಾದರೆ, ಮನೆಯಲ್ಲಿ ಯಾರಿಗಾದರೂ ಅಂಟುರೋಗವಿದ್ದರೆ, ಅಥವಾ ರಸ್ತೆಯಲ್ಲಿ ನಡೆದಾಡಲು ಆಗದಿದ್ದರೆ ಮಾತ್ರ ವಿನಾಯಿತಿ. ವಾಕ್ಯ ಮಕ್ಕಳ ಎದುರಿಗೇ ಇತ್ತು, ಎಷ್ಟು ಸಲ ಬೇಕಾದರೂ ಓದಬಹುದಿತ್ತು. ಆದರೂ ಇದು ಯಾವುದರ ಬಗ್ಗೆ ಎಂದು ಕೇಳಿದರೆ ಕೆಲವರು ಬರಿದೇ ಊರಿನ ಹೆಸರು ಬರೆದರು. ಹತ್ತು ವರ್ಷದ ಹುಡುಗಿ ಯಾವ ದಿನ ಬರಬೇಕಾಗಿಲ್ಲ ಎಂದರೆ ಬಾಯಿಗೆ ಬಂದದ್ದನ್ನು ಬರೆದರು.

ಥಾರ್ನ್‌ಡೈಕ್ ಈ ತಪ್ಪುಗಳನ್ನು ನೋಡಿ ನಗಲಿಲ್ಲ, ಮಕ್ಕಳನ್ನು ದಡ್ಡರೆನ್ನಲಿಲ್ಲ. ಒಂದೊಂದು ತಪ್ಪೂ ಹೇಗಾಯಿತೆಂದು ಹುಡುಕಿದ. ಒಂದು ಪದ ಮಗುವಿನ ಮನಸ್ಸಿನಲ್ಲಿ ಅಗತ್ಯಕ್ಕಿಂತ ದೊಡ್ಡದಾಗಿ ಕುಳಿತರೆ ಉಳಿದ ಪದಗಳು ಮರೆಯಾಗುತ್ತವೆ. 'ಆದರೆ', 'ಹೊರತು', 'ಅಥವಾ' ಎಂಬ ಸಣ್ಣ ಪದಗಳಿಗೆ ಸಲ್ಲಬೇಕಾದ ತೂಕ ಸಲ್ಲುವುದಿಲ್ಲ. ಪ್ಯಾರಾ ಅರ್ಥಮಾಡಿಕೊಳ್ಳುವುದೆಂದರೆ ಗಣಿತದ ಸಮಸ್ಯೆ ಬಿಡಿಸಿದಂತೆ, ಪ್ರತಿ ಅಂಶಕ್ಕೂ ತಕ್ಕ ತೂಕ ಕೊಟ್ಟು ಅವುಗಳ ಸಂಬಂಧವನ್ನು ಹಿಡಿಯಬೇಕು ಎಂಬುದು ಆತನ ತೀರ್ಮಾನ. ನಮ್ಮ ಮಕ್ಕಳ ಉತ್ತರಪತ್ರಿಕೆ ತಿದ್ದಿದವರಿಗೆ ಇದು ತಟ್ಟನೆ ಹೊಳೆಯುತ್ತದೆ. ಪ್ರಶ್ನೆಯಲ್ಲಿರುವ ಒಂದು ದೊಡ್ಡ ಪದವನ್ನು ಪ್ಯಾಸೇಜಿನಲ್ಲಿ ಹುಡುಕುವುದು, ಅದು ಸಿಕ್ಕಿದ ವಾಕ್ಯವನ್ನು ಇಡಿಯಾಗಿ ನಕಲು ಮಾಡುವುದು! ಕೆಲವೊಮ್ಮೆ ಅಂಕವೂ ಸಿಗುತ್ತದೆ. ಓದು ಮಾತ್ರ ನಡೆದಿರುವುದಿಲ್ಲ.

ಢಾಕಾದಲ್ಲಿ ಮೈಕೆಲ್ ವೆಸ್ಟ್

ಇನ್ನು ಢಾಕಾಕ್ಕೆ ಬರೋಣ. ಭಾರತೀಯ ಶಿಕ್ಷಣ ಸೇವೆಯ ಅಧಿಕಾರಿಯಾಗಿ ಬಂದ ಮೈಕೆಲ್ ವೆಸ್ಟ್ ಅಲ್ಲಿನ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಪೂರ್ವ ಬಂಗಾಳವೆಂದರೆ ಬಹುಪಾಲು ಮುಸ್ಲಿಂ ರೈತಾಪಿ ಜನರ ನಾಡು. ಶಾಲೆಗೆ ಸೇರುವ ಮಕ್ಕಳಲ್ಲಿ ಹೆಚ್ಚಿನವರು ಕೊನೆಯ ತರಗತಿ ಮುಟ್ಟುತ್ತಿರಲಿಲ್ಲ. ವೆಸ್ಟ್ ಕೇಳಿದ ಪ್ರಶ್ನೆ ಇದು: ನಡುವೆ ಬಿಟ್ಟುಹೋದ ಹುಡುಗ ತನ್ನೊಂದಿಗೆ ಏನನ್ನು ಕೊಂಡೊಯ್ಯುತ್ತಾನೆ?

ಇದಕ್ಕೆ ಅವರು ವಿಮಾ ವ್ಯವಹಾರದಿಂದ ಒಂದು ಹೆಸರು ತಂದರು: 'ಸರೆಂಡರ್ ವ್ಯಾಲ್ಯೂ'. ಎಲ್.ಐ.ಸಿ. ಪಾಲಿಸಿ ಮಾಡಿಸಿದವರಿಗೆ ಈ ಮಾತು ಪರಿಚಿತ. ಇಪ್ಪತ್ತು ವರ್ಷದ ಪಾಲಿಸಿಯನ್ನು ನಡುವೆಯೇ ನಿಲ್ಲಿಸಿದರೆ ಕಟ್ಟಿದ ಕಂತುಗಳಿಗೆ ಪ್ರತಿಯಾಗಿ ಕೈಗೆ ಬರುವ ಹಣ ಅದು. ನಾಲ್ಕು ವರ್ಷ ಇಂಗ್ಲಿಷ್ ಕಲಿತು ಬಿಟ್ಟವನ ಕೈಗೆ ಬಂದದ್ದೆಷ್ಟು? ವ್ಯಾಕರಣದ ನಾಲ್ಕು ನಿಯಮ, ಕಂಠಪಾಠವಾದ ಎರಡು ಪದ್ಯ. ಅದರಿಂದ ಆತನಿಗೆ ಒಂದು ಪತ್ರಿಕೆಯ ಸುದ್ದಿಯನ್ನೂ ಓದಲಾಗದು. ಅದರ ಬದಲು ಮೊದಲು ಓದುವ ಶಕ್ತಿಯನ್ನು ಕೊಟ್ಟರೆ, ಆತ ಯಾವಾಗ ಶಾಲೆ ಬಿಟ್ಟರೂ ಅಷ್ಟರಮಟ್ಟಿನ ಆಸ್ತಿ ಅವನದು ಎಂದು ವೆಸ್ಟ್ ವಾದಿಸಿದರು. ಬಂಗಾಳದ ದ್ವಿಭಾಷಿಕತೆಯ ಬಗ್ಗೆ 1926ರಲ್ಲಿ ಪ್ರಕಟವಾದ ಅವರ ಗ್ರಂಥದ ಜೀವಾಳ ಇದು.

ಶಾಲೆಯ ರೀಡರುಗಳಲ್ಲಿ ಹೊಸ ಪದಗಳು ತೀರಾ ದಟ್ಟವಾಗಿರುವುದನ್ನೂ ಅವರು ಕಂಡರು. ಹೆಜ್ಜೆಹೆಜ್ಜೆಗೂ ಎಡವುವವನು ನಡೆಯುವುದು ಹೇಗೆ? ಆದ್ದರಿಂದ ಹೆಚ್ಚು ಬಳಕೆಯ ಪದಗಳನ್ನು ಆರಿಸಿ, ಹೊಸ ಪದಗಳನ್ನು ಒಂದರಿಂದೊಂದು ದೂರವಿಟ್ಟು, ಬಂದ ಪದ ಮತ್ತೆ ಮತ್ತೆ ಬರುವಂತೆ ಕಥೆಗಳನ್ನು ಬರೆದರು. ಲಾಂಗ್‌ಮನ್ಸ್ ಸಂಸ್ಥೆ ಪ್ರಕಟಿಸಿದ 'ನ್ಯೂ ಮೆಥಡ್ ರೀಡರ್'ಗಳು ಹುಟ್ಟಿದ್ದು ಹೀಗೆ. 1935ರ ಅವರ ನಿಘಂಟು 1,490 ಪದಗಳನ್ನಷ್ಟೇ ಬಳಸಿ ಉಳಿದೆಲ್ಲ ಪದಗಳ ಅರ್ಥ ಹೇಳಿತು. 1953ರಲ್ಲಿ ಬಂದ ಸುಮಾರು 2,000 ಮೂಲಪದಗಳ ಪಟ್ಟಿ ಜಗತ್ತಿನ ಎಷ್ಟೋ ಪಠ್ಯಪುಸ್ತಕಗಳಿಗೆ ಆಧಾರವಾಯಿತು.

ವೆಸ್ಟ್‌ರನ್ನು ಟೀಕಿಸಿದವರೂ ಇದ್ದಾರೆ. ಆಳಿಸಿಕೊಳ್ಳುವವನಿಗೆ ಓದು ಸಾಕು, ಮಾತು ಬೇಡ ಎಂದಂತಾಗಲಿಲ್ಲವೇ ಎಂಬ ಪ್ರಶ್ನೆ ಕ್ಷುಲ್ಲಕವಲ್ಲ. ಸಂದರ್ಶನದಲ್ಲಿ ಬಾಯಿ ಬಿಡಲಾರದೆ ಕೆಲಸ ಕಳೆದುಕೊಂಡ ಪದವೀಧರನಿಗೆ ಅದರ ನೋವು ಗೊತ್ತು. ಆದರೂ ಅವರ ಸರೆಂಡರ್ ವ್ಯಾಲ್ಯೂ ಲೆಕ್ಕವನ್ನು ನಮ್ಮ ಸಮುದಾಯ ತಳ್ಳಿಹಾಕುವಂತಿಲ್ಲ. ಆರರಿಂದ ಹದಿನಾಲ್ಕು ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಶೇಕಡಾ 25ರಷ್ಟು ಮಂದಿ ಶಾಲೆಯ ಮುಖವನ್ನೇ ನೋಡಿಲ್ಲ ಅಥವಾ ನಡುವೆ ಬಿಟ್ಟಿದ್ದಾರೆ ಎಂದು 2006ರಲ್ಲಿ ಸಾಚಾರ್ ಸಮಿತಿ ವರದಿ ಮಾಡಿತು. ಎಂಟನೆಯ ತರಗತಿಗೆ ಶಾಲೆ ಬಿಟ್ಟು ಗ್ಯಾರೇಜಿಗೋ ಅಂಗಡಿಗೋ ಸೇರಿ, ಮುಂದೆ ಕೊಲ್ಲಿಯ ವಿಮಾನ ಹತ್ತಿದ ಹುಡುಗನ ಮುಂದೆ ಇಂಗ್ಲಿಷಿನ ಕರಾರುಪತ್ರ ಇಟ್ಟು ಸಹಿ ಹಾಕು ಎಂದಾಗ ಅವನ ಕೈಯಲ್ಲಿದ್ದ ಸರೆಂಡರ್ ವ್ಯಾಲ್ಯೂ ಎಷ್ಟು? 'ಹೊರತು', 'ಅಥವಾ' ಎಂಬ ಸಣ್ಣ ಪದಗಳು ಅತ್ಯಂತ ದುಬಾರಿಯಾಗುವ ಸ್ಥಳ ಕರಾರುಪತ್ರ.

ಬೆಂಗಳೂರಿನ ಪ್ರಯೋಗ

ಸ್ವಾತಂತ್ರ್ಯಾನಂತರ 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ, 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬಂದವು. 1964-66ರ ಕೊಠಾರಿ ಆಯೋಗ ಇಂಗ್ಲಿಷನ್ನು 'ಗ್ರಂಥಾಲಯದ ಭಾಷೆ' ಎಂದು ಕರೆಯಿತು. ಅಂದರೆ ಮುಖ್ಯವಾಗಿ ಓದಿ ತಿಳಿಯುವ ಭಾಷೆ. ಪಠ್ಯಪುಸ್ತಕಗಳೂ ಪದ ಮತ್ತು ವಾಕ್ಯರಚನೆಗಳನ್ನು ಹಂತಹಂತವಾಗಿ ಜೋಡಿಸಿಕೊಂಡವು. ಆದರೆ ತರಗತಿಯಲ್ಲಿ ಅದೇ ವಾಕ್ಯವನ್ನು ಎಲ್ಲರೂ ಒಟ್ಟಿಗೆ ಹೇಳುವ ಅಭ್ಯಾಸ ಮುಂದುವರಿಯಿತು.

1979ರಲ್ಲಿ ಎನ್.ಎಸ್. ಪ್ರಭು ಇದನ್ನು ಮುರಿಯಲು ಹೊರಟರು. ಬೆಂಗಳೂರಿನ ಪ್ರಾದೇಶಿಕ ಸಂಸ್ಥೆಯ ಆಶ್ರಯದಲ್ಲಿ, ಬ್ರಿಟಿಷ್ ಕೌನ್ಸಿಲಿನ ಸಹಕಾರದೊಂದಿಗೆ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ಈ ಕೆಲಸ 'ಬೆಂಗಳೂರು ಪ್ರಾಜೆಕ್ಟ್' ಎಂದೇ ವಿಶ್ವಖ್ಯಾತಿ ಪಡೆಯಿತು. ಅಲ್ಲಿ ವ್ಯಾಕರಣ ಪಾಠವಿಲ್ಲ, ಬಾಯಿಪಾಠವಿಲ್ಲ. ರೈಲಿನ ವೇಳಾಪಟ್ಟಿ ಅಥವಾ ಊರಿನ ನಕ್ಷೆ ಕೊಟ್ಟು ಯೋಚಿಸಿ ಉತ್ತರಿಸಬೇಕಾದ ಸಮಸ್ಯೆ ಕೊಡುವುದು. ಮೊದಲು ಅಂಥದ್ದೇ ಒಂದನ್ನು ಅಧ್ಯಾಪಕರು ಇಡೀ ತರಗತಿಯೊಂದಿಗೆ ಮಾತಾಡುತ್ತಾ ಬಿಡಿಸುವರು, ಬಳಿಕ ಇನ್ನೊಂದನ್ನು ಪ್ರತಿ ಮಗುವೂ ತಾನೇ ಬಿಡಿಸಬೇಕು. ತರಗತಿಯ ಅರ್ಧದಷ್ಟು ಮಕ್ಕಳು ಅರ್ಧದಷ್ಟು ಸರಿ ಮಾಡಿದರೆ ಆ ಸಮಸ್ಯೆ ತಕ್ಕ ಮಟ್ಟದ್ದು ಎಂದು ಎಣಿಕೆ. ಎಲ್ಲರೂ ಎಲ್ಲವನ್ನೂ ಸರಿ ಮಾಡಿದರೆ ಅದು ತೀರಾ ಸುಲಭದ್ದು! ನೂರಕ್ಕೆ ನೂರರ ಹುಚ್ಚು ಹಿಡಿದ ನಮಗೆ ಈ ಎಣಿಕೆ ಒಪ್ಪಿಗೆಯಾಗುವುದು ಕಷ್ಟ. ಪ್ರಭು ಅವರು 1987ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಇಂದಿಗೂ ದೇಶವಿದೇಶಗಳ ಶಿಕ್ಷಕರು ಓದುತ್ತಾರೆ. ಅವರ ಪ್ರಯೋಗ ನಡೆದ ನಗರದ ಎಷ್ಟು ಶಾಲೆಗಳಿಗೆ ಅದರ ಹೆಸರು ಗೊತ್ತಿದೆಯೋ!

ಇಷ್ಟೆಲ್ಲ ಆದ ಮೇಲೂ ಗೈಡುಗಳು ಸೋಲೊಪ್ಪಿಲ್ಲ. 'ಅನ್‌ಸೀನ್ ಪ್ಯಾಸೇಜ್' ಎಂಬ ಹೆಸರಿನಲ್ಲಿ ಇಪ್ಪತ್ತು ಗದ್ಯಭಾಗಗಳನ್ನು ಉತ್ತರಸಹಿತ ಅಚ್ಚು ಹಾಕಿ ಮಾರುತ್ತಾರೆ, ಮಕ್ಕಳು ಅವನ್ನೂ ಉರು ಹೊಡೆಯುತ್ತಾರೆ. ಮನೆಯಲ್ಲಿ ಬ್ಯಾರಿ ಅಥವಾ ಉರ್ದು, ಶಾಲೆಯಲ್ಲಿ ಕನ್ನಡ, ಪರೀಕ್ಷೆಗೆ ಇಂಗ್ಲಿಷ್ ಎಂದು ಮೂರು ಭಾಷೆಗಳ ನಡುವೆ ಓಡಾಡುವ ಮಗುವಿಗೆ ಉರು ಹೊಡೆಯುವುದು ಒಂದು ಆಸರೆ ಎಂಬುದು ನಿಜ. ಆದರೆ ಪರೀಕ್ಷೆಯಲ್ಲಿ ಬರುವುದು ಇಪ್ಪತ್ತೊಂದನೆಯ ಪ್ಯಾಸೇಜ್.

ಇಂಥ ತರಗತಿಗಳಿಗಾಗಿಯೇ ವೆಸ್ಟ್ 1960ರಲ್ಲಿ, ತಮ್ಮ ಇಳಿವಯಸ್ಸಿನಲ್ಲಿ, ಒಂದು ಸಣ್ಣ ಪುಸ್ತಕ ಬರೆದರು. ಬೆಂಚುಗಳ ಮೇಲೆ ಒತ್ತಾಗಿ ಕುಳಿತ ಮಕ್ಕಳು, ಇಂಗ್ಲಿಷ್ ಅಷ್ಟಾಗಿ ಬಾರದ ಮೇಷ್ಟ್ರು, ಬಿಸಿಲು, ಪುಸ್ತಕಗಳ ಕೊರತೆ, ಇವನ್ನೆಲ್ಲ ಒಪ್ಪಿಕೊಂಡೇ ಬರೆದದ್ದು. ಅದರಲ್ಲಿ ಅವರು ಹೇಳುವ ಒಂದು ಅಭ್ಯಾಸಕ್ಕೆ ಖರ್ಚಿಲ್ಲ, ಟ್ಯೂಷನ್ ಬೇಕಿಲ್ಲ. ಮಗು ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದು ಒಂದು ಸಾಲನ್ನು, ಸಾಧ್ಯವಾದರೆ ಒಂದು ಪೂರ್ತಿ ವಾಕ್ಯವನ್ನು, ಮೌನವಾಗಿ ಓದಬೇಕು. ಬಳಿಕ ತಲೆಯೆತ್ತಿ, ಪುಸ್ತಕ ನೋಡದೆ, ಎದುರಿಗಿರುವವರ ಮುಖ ನೋಡುತ್ತಾ ಅದನ್ನು ಹೇಳಬೇಕು. ಕಣ್ಣು ಪುಸ್ತಕದಲ್ಲಿರುವಾಗ ಬಾಯಿ ತೆರೆಯುವಂತಿಲ್ಲ. ಪದಗಳನ್ನು ಒಂದೊಂದಾಗಿ ಉಚ್ಚರಿಸಿ ಪಾರಾಗಲು ಇಲ್ಲಿ ಆಗುವುದಿಲ್ಲ, ವಾಕ್ಯವನ್ನು ತಲೆಯಲ್ಲಿ ಹಿಡಿದು ತರಲೇಬೇಕು. ಎದುರಿಗೆ ಕುಳಿತು ಕೇಳುವವರಿಗೆ ಇಂಗ್ಲಿಷ್ ಬರಬೇಕೆಂದೂ ಇಲ್ಲ. ಮಗು ತಲೆ ಎತ್ತಿದೆಯೋ ಇಲ್ಲವೋ ಎಂದು ನೋಡಿದರಾಯಿತು, ಅಷ್ಟು ಕೆಲಸವನ್ನು ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಮಾಡಬಹುದು.