ಆಸ್ಪರಿ ಕಡೆಯವರಿಗೆ ವಿದ್ಯುತ್ ಕಾರು: ಮನೆಯಲ್ಲಿ ಚಾರ್ಜ್, ದಾರಿಯಲ್ಲಿ ಚಾರ್ಜ್

ಆಸ್ಪರಿ, ಆಲೂರು, ಆದೋನಿ ಕಡೆ ವಿದ್ಯುತ್ ಕಾರು ಕೊಳ್ಳಬೇಕೆನ್ನುವವರು ಮೊದಲು ಕೇಳುವುದು ಚಾರ್ಜಿಂಗ್ ಸ್ಟೇಷನ್ ಎಲ್ಲಿದೆ ಎಂದು. ಅದಕ್ಕೂ ಮುಂಚೆ ಮನೆಯ ಮೀಟರು, ಅರ್ಥಿಂಗ್ ನೋಡಿಕೊಳ್ಳಿ. ನಮ್ಮ ಊರುಗಳಲ್ಲಿ ಈ ಕಾರಿಗೆ ಮನೆಯೇ ಬಂಕು.

ಕಾರಿನ ಜೊತೆ ಬರುವ ಚಾರ್ಜರನ್ನು 15 ಆಂಪಿಯರ್ ಪ್ಲಗ್ಗಿಗೆ ಹಾಕಿದರೆ ಗಂಟೆಗೆ ಸುಮಾರು 3 ಯೂನಿಟ್ ಎಳೆಯುತ್ತದೆ. 24 ಯೂನಿಟ್ ಬ್ಯಾಟರಿಯ ಸಣ್ಣ ಕಾರು ರಾತ್ರಿ ಹತ್ತಕ್ಕೆ ಹಾಕಿದರೆ ಬೆಳಿಗ್ಗೆ ಏಳಕ್ಕೆ ತುಂಬಿರುತ್ತದೆ. ಹಳೆಯ ಮನೆಗಳಿಗೆ ಮಂಜೂರಾದ ಲೋಡ್ ಒಂದೆರಡು ಕಿಲೋವ್ಯಾಟ್ ಮಾತ್ರ ಇರಬಹುದು. ಕಡಿಮೆಯಿದ್ದರೆ ಎಪಿಎಸ್‌ಪಿಡಿಸಿಎಲ್‌ಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ. ಬೋರ್ಡಿನಿಂದ ನೇರವಾಗಿ 4 ಚದರ ಮಿ.ಮೀ. ತಾಮ್ರದ ವೈರು, ಪ್ರತ್ಯೇಕ ಎಂಸಿಬಿ, 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಹಾಕಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಎಂಟು ಗಂಟೆ ಬಿಡದೆ ಎಳೆಯುವ ಲೋಡಿಗೆ ಸಡಿಲ ಪ್ಲಗ್ ಕರಗಿಹೋಗುತ್ತದೆ.

ಇನ್ನು ಅರ್ಥಿಂಗ್. ನಮ್ಮದು ಹತ್ತಿ ಬೆಳೆಯುವ ಎರೆಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥಿಂಗ್ ರಾಡಿನಿಂದ ಸರಿಯುತ್ತದೆ. ಆಗ ಚಾರ್ಜರ್ ಕೆಂಪು ದೀಪ ತೋರಿಸಿ ನಿಲ್ಲಬಹುದು. ಕಾರು ಕೆಟ್ಟಿತೆಂದು ಶೋರೂಮಿಗೆ ಓಡಬೇಡಿ, ಗುಂಡಿಗೆ ನಾಲ್ಕು ಕೊಡ ನೀರು ಹೊಯ್ದು ನೋಡಿ. ಆದರೂ ಆಗದಿದ್ದರೆ ಹೊಸ ಗುಂಡಿ ತೋಡಿಸಿ. ಅರ್ಥ್ ಪಿನ್ನಿಗೆ ನ್ಯೂಟ್ರಲ್ ಜೋಡಿಸಿ ಎರಡು ನಿಮಿಷದಲ್ಲಿ ಮುಗಿಸುತ್ತೇನೆ ಎನ್ನುವ ಎಲೆಕ್ಟ್ರಿಷಿಯನ್ ಮಾತು ಮಾತ್ರ ಕೇಳಬೇಡಿ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಕಾರಿನ ಮೈಗೇ ಕರೆಂಟು ಬರುತ್ತದೆ. ಮಕ್ಕಳು ಓಡಾಡುವ ಅಂಗಳವದು.

ಖರ್ಚಿನ ಮಾತು. ಆಂಧ್ರದ 2022ರ ಆಗಸ್ಟ್ ದರಪಟ್ಟಿಯಲ್ಲಿ ಮನೆಬಳಕೆಗೆ 126ರಿಂದ 225ನೇ ಯೂನಿಟ್‌ವರೆಗೆ 6 ರೂ., 226ರಿಂದ 400ರವರೆಗೆ 8.75 ರೂ. ಈಗ 150 ಯೂನಿಟ್ ಉರಿಸುವ ಮನೆಗೆ ಕಾರಿನ 150 ಸೇರಿದರೆ, ಆ ದರದಲ್ಲಿ ಸುಮಾರು 1,100 ರೂ. ಹೆಚ್ಚು, ಸರ್ಚಾರ್ಜ್ ಬೇರೆ. ಓಡುವುದು ಸುಮಾರು 1,000 ಕಿ.ಮೀ. ಅಷ್ಟು ದೂರಕ್ಕೆ ಪೆಟ್ರೋಲ್ ಕಾರಿಗೆ 50 ಲೀಟರಾದರೂ ಬೇಕು.

ಪೂರ್ತಿ ಚಾರ್ಜಿಗೆ 200 ಕಿ.ಮೀ. ಓಡುವ ಕಾರಿಗೆ ಬಳ್ಳಾರಿಗೆ ಹೋಗಿಬರುವುದು ಕಷ್ಟವಲ್ಲ. ಬೆಂಗಳೂರಿಗಾದರೆ ದಾರಿಯಲ್ಲಿ ನಿಲ್ಲಲೇಬೇಕು. ಹೆದ್ದಾರಿಯಲ್ಲಿ ಪ್ರತಿ 25 ಕಿ.ಮೀ.ಗೆ ಒಂದು ಸ್ಟೇಷನ್ ಇರಬೇಕೆಂದು ಕೇಂದ್ರದ 2022ರ ಮಾರ್ಗಸೂಚಿ ಹೇಳಿತು, ಆದರೆ ಕಾಗದ ನಂಬಿ ಹೊರಡಬೇಡಿ. ಸ್ಟೇಷನ್ ಇದ್ದರೆ ಸಾಲದು, ನಡೆಯುತ್ತಿದೆಯೇ ಎಂದು ಆ್ಯಪ್‌ನಲ್ಲಿ ನೋಡಿ. ಸಿಸಿಎಸ್-2 ಗನ್ ಇದೆಯೇ, ನಿಮ್ಮ ಕಾರಿಗೆ ಡಿಸಿ ಫಾಸ್ಟ್ ಚಾರ್ಜಿಂಗ್ ಇದೆಯೇ ಎಂದೂ ಖಚಿತಪಡಿಸಿಕೊಳ್ಳಿ. ಎಂಜಿ ಕಾಮೆಟ್‌ನಂಥ ಕಾರಿಗೆ ಅದಿಲ್ಲ. ಕಂಪನಿಗೊಂದು ಆ್ಯಪ್, ಬೆಸ್ಕಾಂ ಸ್ಟೇಷನ್‌ಗಳಿಗೆ ‘ಇವಿ ಮಿತ್ರ’. ಮನೆಯಲ್ಲೇ ಹಾಕಿಕೊಂಡು ದುಡ್ಡು ತುಂಬಿಸಿಡಿ. 80 ಶೇಕಡಾ ದಾಟಿದ ಮೇಲೆ ಚಾರ್ಜ್ ನಿಧಾನ; ಅಲ್ಲಿಗೆ ಬಿಡಿಸಿ ಹೊರಡಿ, ಹಿಂದಿನವರು ಕಾಯುತ್ತಿರುತ್ತಾರೆ.

ಕರೆಂಟಿನ ದೂರಿಗೆ ನಮ್ಮ ಎಪಿಎಸ್‌ಪಿಡಿಸಿಎಲ್‌ಗೂ ಬಳ್ಳಾರಿ, ರಾಯಚೂರಿನ ಜೆಸ್ಕಾಂಗೂ ಸಂಖ್ಯೆ ಒಂದೇ: 1912.